ಜಪಾನಿನ ಹಳೆಯ ಹಳ್ಳಿಮನೆ ಕೊಳ್ಳುವ ಮುನ್ನ: ‘ಅಕಿಯಾ ಬ್ಯಾಂಕ್’ ಸೇವೆಯ ವಿಮರ್ಶೆ

ಜಪಾನಿನ ಹಳ್ಳಿಗಳಲ್ಲಿ ಖಾಲಿ ಬಿದ್ದಿರುವ ಮನೆಗಳ ಪಟ್ಟಿ ಮಾಡಿ, ಮಾರುವವರನ್ನೂ ಕೊಳ್ಳುವವರನ್ನೂ ಮುಖಾಮುಖಿ ಮಾಡಿಸಲು ಅಲ್ಲಿನ ಪುರಸಭೆಗಳು ನಡೆಸುತ್ತಿರುವ ಉಚಿತ ಸೇವೆಯೇ ಅಕಿಯಾ ಬ್ಯಾಂಕ್. ಐದಾರು ಲಕ್ಷ ರೂಪಾಯಿಗೆ ಜಪಾನಿನಲ್ಲಿ ಮನೆ ಸಿಗುತ್ತದೆ ಎಂಬ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗಿದ ಮೇಲೆ, ಟೋಕಿಯೊ ಸುತ್ತಮುತ್ತ ಕೆಲಸಕ್ಕಿರುವ ಕನ್ನಡಿಗರಿಗೆಲ್ಲ ಊರಿನಿಂದ ಈ ಬಗ್ಗೆ ವಿಚಾರಣೆ ಬರುತ್ತಲೇ ಇದೆ. ನಾಗಾನೊ ಪ್ರಾಂತ್ಯದ ಗುಡ್ಡಗಾಡಿನ ಪಟ್ಟಣವೊಂದರ ಅಕಿಯಾ ಬ್ಯಾಂಕಿನಲ್ಲಿ ಹೆಸರು ನೋಂದಾಯಿಸಿ, ಅದರ ಮೂಲಕ ಹಲವು ಮನೆಗಳನ್ನು ಒಳಹೊಕ್ಕು ನೋಡಿದ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಮಾಹಿತಿ ಕೇಂದ್ರವಾಗಿ ಈ ಸೇವೆ ನಂಬಿಕೆಗೆ ಅರ್ಹವಾದದ್ದು. ಆದರೆ ಮನೆ ಕೊಳ್ಳುವವನ ಹಿತ ಕಾಯುವ ಹೊಣೆಯನ್ನು ಅದು ಹೊತ್ತಿಲ್ಲ, ಹೊತ್ತಿದ್ದೇನೆಂದು ಹೇಳಿಕೊಂಡೂ ಇಲ್ಲ. ಪಟ್ಟಿಯಲ್ಲಿರುವ ಬೆಲೆಯನ್ನಷ್ಟೇ ನೋಡಿ ಬೆಂಗಳೂರಿನಿಂದ ಹಣ ಕಳುಹಿಸಲು ಹೊರಡುವವರಿಗೆ ಇದು ತಕ್ಕ ಸೇವೆಯಲ್ಲ.

ಇಷ್ಟೊಂದು ಮನೆಗಳು ಖಾಲಿಯಾಗಿದ್ದೇಕೆ ಎಂಬುದನ್ನು ತಿಳಿದುಕೊಂಡರೆ ಬೆಲೆಯ ಗುಟ್ಟೂ ತಿಳಿಯುತ್ತದೆ. 2023ರ ವಸತಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು, ಅಂದರೆ ಒಟ್ಟು ಮನೆಗಳ ಶೇ. 13.8ರಷ್ಟು, ಖಾಲಿಯಾಗಿವೆ. ಇವುಗಳಲ್ಲಿ ಬಾಡಿಗೆಗೋ ಮಾರಾಟಕ್ಕೋ ಕಾದಿರುವವು ಮತ್ತು ರಜೆಯಲ್ಲಿ ಬಳಸುವವು ಕಳೆದು ಉಳಿಯುವ, ಯಾವ ಉಪಯೋಗಕ್ಕೂ ಗುರುತಿಸದೆ ಬಿಟ್ಟ ಮನೆಗಳೇ 38.5 ಲಕ್ಷ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನಗರದಲ್ಲಿ ನೆಲೆಸಿದ ಮಕ್ಕಳಿಗೆ ಹಳ್ಳಿಮನೆ ತೆರಿಗೆಯ ಮತ್ತು ದುರಸ್ತಿಯ ಹೊರೆಯಾಗಿ ಉಳಿಯುತ್ತದೆ. ಅದನ್ನು ಇಳಿಸಿಕೊಂಡರೆ ಸಾಕೆಂದು ಅವರು ಪುರಸಭೆಗೆ ಬರುತ್ತಾರೆ. ಹಾಗಾಗಿ ಪಟ್ಟಿಯಲ್ಲಿ ಕಾಣುವ ಕಡಿಮೆ ಬೆಲೆಯನ್ನು ಮನೆಯ ಮೌಲ್ಯವೆಂದು ಓದಬಾರದು. ಆ ಹೊರೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುವಾಗ ನಿಗದಿಯಾದ ಮೊತ್ತ ಅದು.

ನೋಂದಣಿಯ ಕ್ರಮ ಸರಳವಾಗಿದೆ. ಗುರುತಿನ ಚೀಟಿಯ ಪ್ರತಿ, ಒಂದು ಅರ್ಜಿ, ಮತ್ತು ಈ ಊರಿಗೇ ಏಕೆ ಬರಬಯಸುತ್ತೀರಿ ಎಂಬುದಕ್ಕೆ ನಾಲ್ಕು ಸಾಲಿನ ಉತ್ತರ; ಎಲ್ಲವೂ ಜಪಾನೀ ಭಾಷೆಯಲ್ಲೇ ಆಗಬೇಕು. ಪುರಸಭೆಗೆ ಬೇಕಾಗಿರುವುದು ಶಾಲೆಗೆ ಮಕ್ಕಳು, ಊರಿಗೆ ನಿವಾಸಿಗಳು. ಆದ್ದರಿಂದ ಕೆಲವು ಊರುಗಳು ಅಲ್ಲಿಯೇ ನೆಲೆಸುವವರಿಗೆ ಮಾತ್ರ ಮನೆ ತೋರಿಸುತ್ತವೆ, ಇನ್ನು ಕೆಲವು ರಜಾಮನೆಗೂ ಒಪ್ಪುತ್ತವೆ. ದುರಸ್ತಿಗೆ ಸಹಾಯಧನ ಕೊಡುವ ಊರುಗಳೂ ಇವೆ, ಆದರೆ ಇಂತಿಷ್ಟು ವರ್ಷ ಅಲ್ಲಿಯೇ ವಾಸಿಸಬೇಕೆಂಬ ಕರಾರು ಅದರೊಂದಿಗೆ ಬರುತ್ತದೆ, ನಡುವೆ ಬಿಟ್ಟು ಹೋದರೆ ಹಣ ಹಿಂದಿರುಗಿಸಬೇಕಾಗುತ್ತದೆ. ಊರೂರಿನ ಪಟ್ಟಿಗಳನ್ನು ಒಂದೆಡೆ ಹುಡುಕುವ ಅನುಕೂಲವೂ ಈಗಿದೆ: ಭೂಮಿ, ಮೂಲಸೌಕರ್ಯ ಮತ್ತು ಸಾರಿಗೆ ಸಚಿವಾಲಯ ಆಯ್ದ ಎರಡು ಕಂಪನಿಗಳಾದ ಲಿಫುಲ್ ಮತ್ತು ಅಟ್‌ಹೋಮ್, 2018ರಿಂದ ರಾಷ್ಟ್ರಮಟ್ಟದ ಅಕಿಯಾ ಬ್ಯಾಂಕ್ ಜಾಲತಾಣಗಳನ್ನು ಪೂರ್ಣ ಪ್ರಮಾಣದಲ್ಲಿ ನಡೆಸುತ್ತಿವೆ. ಆದರೂ ಪುರಸಭೆಯ ಸ್ವಂತ ಪುಟದಲ್ಲಿ ಇರುವ ವಿವರ ಅಲ್ಲಿ ಎಷ್ಟೋ ಸಲ ಇರುವುದಿಲ್ಲ. ಜಾಲತಾಣದಲ್ಲಿ ಊರನ್ನು ಆರಿಸಿಕೊಂಡು, ಮನೆಯನ್ನು ಪುರಸಭೆಯ ಪುಟದಲ್ಲಿ ಆರಿಸುವುದು ಒಳ್ಳೆಯದು.

ಈ ಸೇವೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಮನೆಯ ವಿವರದ ಹಾಳೆ. ಕಟ್ಟಿದ ವರ್ಷ, ನೆಲದ ಅಳತೆ, ನೀರಿನ ಮೂಲ, ಶೌಚಾಲಯದ ಬಗೆ, ಅನಿಲ ಸಿಲಿಂಡರಿನ ವ್ಯವಸ್ಥೆ, ಹತ್ತಿರದ ಆಸ್ಪತ್ರೆಗೆ ದೂರ, ಎಲ್ಲವೂ ಅದರಲ್ಲಿರುತ್ತವೆ. ಸೋರುವ ಮಾಡು, ಕುಸಿದ ನೆಲ, ಅಟ್ಟದಲ್ಲಿ ಸೇರಿಕೊಂಡಿರುವ ಕಾಡುಪ್ರಾಣಿಯ ಹಾವಳಿ ಇವುಗಳನ್ನೂ ಮುಚ್ಚಿಡದೆ ಬರೆದಿರುತ್ತಾರೆ. ಒಂದು ಹಾಳೆಯಲ್ಲಿ ಬಚ್ಚಲುಮನೆಯ ಎದುರಿಗೆ ‘ಬಳಸಲಾಗದು’ ಎಂದು ಬರೆದು, ಪಕ್ಕದಲ್ಲೇ ಮುರಿದ ನೆಲದ ಚಿತ್ರವನ್ನೂ ಹಾಕಿದ್ದರು. ಮನೆ ತೋರಿಸಲು ಬಂದ ಪುರಸಭೆಯ ನೌಕರರು, ಆ ಬೀದಿಗೆ ಚಳಿಗಾಲದಲ್ಲಿ ಹಿಮ ತೆಗೆಯುವ ಗಾಡಿ ಕೊನೆಗೆ ಬರುತ್ತದೆ ಎಂಬುದನ್ನು ನಾನು ಕೇಳದೆಯೇ ಹೇಳಿದರು. ವಿದೇಶಿಯರಿಗೆಂದೇ ಇಂಗ್ಲಿಷಿನಲ್ಲಿ ನಡೆಯುವ ಖಾಸಗಿ ಮಾರಾಟ ತಾಣವೊಂದರಲ್ಲಿ ಇದೇ ಪಟ್ಟಿಯ ಇನ್ನೊಂದು ಮನೆ ಹೆಚ್ಚಿನ ಬೆಲೆಗೆ, ಇಳಿಬಿಸಿಲಿನ ಸುಂದರ ಚಿತ್ರಗಳೊಂದಿಗೆ ಕಾಣಿಸಿತ್ತು; ಅಲ್ಲಿ ಮಾಡಿನ ಪ್ರಸ್ತಾಪವೇ ಇರಲಿಲ್ಲ.

ಇನ್ನು ಹಾಳೆ ಹೇಳದ ವಿಷಯಗಳು. ಇವುಗಳಲ್ಲಿ ಮೊದಲನೆಯದು ಹಕ್ಕುದಾರರ ಪ್ರಶ್ನೆ. ನಮ್ಮಲ್ಲಿ ಪೌತಿ ಖಾತೆಯಾಗದೆ ಅಜ್ಜನ ಹೆಸರಿನಲ್ಲೇ ಉಳಿದ ಜಮೀನುಗಳಿರುವಂತೆ ಜಪಾನಿನಲ್ಲೂ ತಲೆಮಾರುಗಳ ಹಿಂದೆ ತೀರಿಕೊಂಡವರ ಹೆಸರಿನಲ್ಲಿ ಉಳಿದ ಮನೆಗಳು ಅಸಂಖ್ಯ. ವಾರಸುದಾರಿಕೆಯ ನೋಂದಣಿ ಅಲ್ಲಿ ಕಡ್ಡಾಯವಾದದ್ದೇ 2024ರ ಏಪ್ರಿಲ್‌ 1ರಂದು. ವಾರಸು ಬಂದಿದೆಯೆಂದು ತಿಳಿದ ದಿನದಿಂದ ಮೂರು ವರ್ಷದೊಳಗೆ ನೋಂದಾಯಿಸದಿದ್ದರೆ 1 ಲಕ್ಷ ಯೆನ್‌ವರೆಗೆ ದಂಡವಿದೆ, ಹಳೆಯ ವಾರಸುಗಳಿಗೆ 2027ರ ಮಾರ್ಚ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಹೆಸರು ಬದಲಾಗದ ಮನೆಯನ್ನು ಮಾರಲು ಎಲ್ಲ ವಾರಸುದಾರರ ಒಪ್ಪಿಗೆ ಬೇಕು, ಮತ್ತು ಆ ವಾರಸುದಾರರಲ್ಲಿ ಒಬ್ಬರು ಒಸಾಕಾದಲ್ಲಿ, ಇನ್ನೊಬ್ಬರು ವೃದ್ಧಾಶ್ರಮದಲ್ಲಿ, ಮತ್ತೊಬ್ಬರು ಎಲ್ಲಿದ್ದಾರೋ ತಿಳಿಯದ ಸ್ಥಿತಿಯಲ್ಲಿ ಇರಬಹುದು. ನಾನು ಬಹಳ ಇಷ್ಟಪಟ್ಟ ಒಂದು ಮನೆ ಕೈತಪ್ಪಿದ್ದು ಇದೇ ಕಾರಣಕ್ಕೆ. ಭೂನೋಂದಣಿಯ ದಾಖಲೆಯನ್ನು ಕಾನೂನು ವ್ಯವಹಾರಗಳ ಕಚೇರಿಯಲ್ಲಿ ಕೆಲವು ನೂರು ಯೆನ್ ಕೊಟ್ಟು ಯಾರು ಬೇಕಾದರೂ ಪಡೆಯಬಹುದು. ಮನೆ ನೋಡಲು ರೈಲು ಹತ್ತುವ ಮೊದಲೇ ಅದನ್ನು ತರಿಸಿ ಓದುವುದು ಒಳ್ಳೆಯದು. ಆ ದಾಖಲೆಯಲ್ಲಿ ಮೂಲಮನೆ ಮಾತ್ರ ಇದ್ದು, ಹಿತ್ತಿಲಿಗೆ ಸೇರಿಸಿ ಕಟ್ಟಿದ ಅಡುಗೆಮನೆ ನೋಂದಣಿಯೇ ಆಗಿರದ ಉದಾಹರಣೆಗಳೂ ಸಾಕಷ್ಟಿವೆ.

ಎರಡನೆಯದು ದಾರಿ. ನಗರ ಯೋಜನೆಯ ವ್ಯಾಪ್ತಿಗೆ ಒಳಪಟ್ಟ ಜಾಗದಲ್ಲಿ ಕಟ್ಟಡ ಕಟ್ಟಬೇಕಾದರೆ ನಿವೇಶನವು ಕನಿಷ್ಠ 4 ಮೀಟರ್ ಅಗಲದ ರಸ್ತೆಗೆ ಕನಿಷ್ಠ 2 ಮೀಟರ್ ಉದ್ದ ತಾಗಿಕೊಂಡಿರಬೇಕೆಂಬುದು ಕಟ್ಟಡ ಕಾನೂನಿನ ನಿಯಮ. ಈ ನಿಯಮ ಬರುವ ಮುನ್ನ ಕಟ್ಟಿದ, ಓಣಿಯ ಕೊನೆಯಲ್ಲಿರುವ ಮನೆಯಲ್ಲಿ ವಾಸಿಸಲು ಅಡ್ಡಿಯಿಲ್ಲ, ಆದರೆ ಅದು ಬೆಂಕಿಗೋ ಭೂಕಂಪಕ್ಕೋ ಬಿದ್ದುಹೋದರೆ ಅದೇ ಜಾಗದಲ್ಲಿ ಹೊಸದನ್ನು ಕಟ್ಟಲು ಸಾಧಾರಣವಾಗಿ ಅನುಮತಿ ಸಿಗುವುದಿಲ್ಲ. ‘ಮರುನಿರ್ಮಾಣ ಸಾಧ್ಯವಿಲ್ಲ’ ಎಂಬ ಪದಗಳು ಪಟ್ಟಿಯಲ್ಲಿ ಕಂಡರೆ ಬೆಲೆ ಏಕೆ ಅಷ್ಟು ಇಳಿದಿದೆ ಎಂದು ಕೇಳಬೇಕಾಗಿಲ್ಲ. ತೀರಾ ಒಳನಾಡಿನ ಹಳ್ಳಿಗಳು ಈ ವ್ಯಾಪ್ತಿಯ ಹೊರಗಿರುವುದರಿಂದ ಅಲ್ಲಿ ಈ ತೊಡಕಿಲ್ಲ; ಪಟ್ಟಣದ ಅಂಚಿನಲ್ಲಿ ಮಾತ್ರ ನಗರ ವಿಸ್ತರಣೆ ತಡೆದಿರುವ ವಲಯಗಳಿದ್ದು, ಅಲ್ಲಿ ಕೊಂಡವರು ಮನೆ ಬದಲಿಸಿ ಕಟ್ಟಲೂ ಬಳಕೆ ಬದಲಿಸಲೂ ಪ್ರತ್ಯೇಕ ಅನುಮತಿ ಕೇಳಬೇಕಾಗುತ್ತದೆ.

ಮನೆಯ ಜೊತೆ ಗದ್ದೆಯೋ ತರಕಾರಿ ಹಿತ್ತಿಲೋ ಸೇರಿಕೊಂಡಿದ್ದರೆ ಇನ್ನೊಂದು ಬಾಗಿಲು ತಟ್ಟಬೇಕು. ದಾಖಲೆಯಲ್ಲಿ ಕೃಷಿಭೂಮಿ ಎಂದಿರುವ ತುಂಡು ಎಷ್ಟೇ ಚಿಕ್ಕದಿರಲಿ, ಊರಿನ ಕೃಷಿ ಸಮಿತಿಯ ಒಪ್ಪಿಗೆಯಿಲ್ಲದೆ ಅದರ ಒಡೆತನ ಬದಲಾಗುವುದಿಲ್ಲ. ಕನಿಷ್ಠ ಇಷ್ಟು ಜಮೀನು ಇರಲೇಬೇಕೆಂಬ ಷರತ್ತನ್ನು 2023ರ ಏಪ್ರಿಲ್‌ನಲ್ಲಿ ತೆಗೆದುಹಾಕಿದ್ದಾರಾದರೂ, ಭೂಮಿಯನ್ನು ತಾನೇ ಉಳುಮೆ ಮಾಡುತ್ತೇನೆಂದು ಅರ್ಜಿದಾರ ತೋರಿಸಲೇಬೇಕು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ಮೊದಲು, ಕೃಷಿಕರಲ್ಲದವರು ಜಮೀನು ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳ ಕಾಟ ಕಂಡವರಿಗೆ ಈ ಮಾತು ಹೊಸದೆನಿಸಲಾರದು. ಮನೆಯ ಹಿಂದಿನ ಗುಡ್ಡವೂ ಸೇರಿದೆ ಎಂದು ಹೇಳಿದರೆ ಖುಷಿಪಡುವ ಮೊದಲು ಗಡಿಕಲ್ಲು ಎಲ್ಲಿದೆ ಎಂದು ಕೇಳಬೇಕು. ಭೂಮಾಪನ ಇಡೀ ದೇಶದಲ್ಲಿ ಸುಮಾರು ಅರ್ಧದಷ್ಟು ಜಾಗಕ್ಕೆ ಮಾತ್ರ ಮುಗಿದಿದೆ, ಕಾಡುಗುಡ್ಡಗಳಲ್ಲಿ ಹದ್ದುಬಸ್ತು ಎಂಬುದು ಊರ ಹಿರಿಯರ ನೆನಪಿನಲ್ಲಷ್ಟೇ ಇರುತ್ತದೆ.

ಇಂಥ ವಿಷಯಗಳನ್ನೆಲ್ಲ ಖರೀದಿದಾರನಿಗೆ ಕರಾರಿಗೆ ಮುನ್ನ ಬರವಣಿಗೆಯಲ್ಲಿ ವಿವರಿಸುವುದು ಪರವಾನಗಿ ಪಡೆದ ಸ್ಥಿರಾಸ್ತಿ ಏಜೆಂಟನ ಕಾನೂನುಬದ್ಧ ಕರ್ತವ್ಯ. 2020ರ ಆಗಸ್ಟ್‌ನಿಂದ ಪ್ರವಾಹದ ನಕ್ಷೆಯಲ್ಲಿ ಮನೆ ಎಲ್ಲಿದೆಯೆಂದು ತೋರಿಸುವುದೂ ಅದರಲ್ಲಿ ಸೇರಿದೆ. ನನ್ನ ದೃಷ್ಟಿಯಲ್ಲಿ ಅಕಿಯಾ ಬ್ಯಾಂಕಿನ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಪುರಸಭೆ ದಲ್ಲಾಳಿಯಲ್ಲ, ಅದು ಬೆಲೆಯ ಮಾತುಕತೆಗೂ ಕರಾರಿಗೂ ಕೈಹಾಕುವುದಿಲ್ಲ. ಕೆಲವು ಊರುಗಳಲ್ಲಿ ಸ್ಥಳೀಯ ಏಜೆಂಟರ ಸಂಘದ ಮೂಲಕವೇ ವ್ಯವಹಾರ ನಡೆಯಬೇಕೆಂಬ ನಿಯಮವಿದೆ, ಆದರೆ ಇನ್ನು ಹಲವೆಡೆ ಮಾಲೀಕನೂ ಖರೀದಿದಾರನೂ ನೇರವಾಗಿ ಕರಾರು ಮಾಡಿಕೊಳ್ಳಲು ಬಿಡುತ್ತಾರೆ. ನೇರ ವ್ಯವಹಾರದಲ್ಲಿ ಕಮಿಷನ್ ಉಳಿಯುತ್ತದೆ ನಿಜ, ಆದರೆ ಆ ವಿವರಣೆಯೂ ಇಲ್ಲವಾಗುತ್ತದೆ. ಜೊತೆಗೆ ‘ಇದ್ದಂತೆಯೇ ಹಸ್ತಾಂತರ’ ಎಂಬ ಕರಾರಿನಲ್ಲಿ ಮುಂದೆ ಕಾಣುವ ದೋಷಗಳ ಹೊಣೆಯನ್ನು ಮಾರುವವರು ಸಾಮಾನ್ಯವಾಗಿ ಕಳಚಿಕೊಂಡಿರುತ್ತಾರೆ. 2024ರ ಜುಲೈನಿಂದ 80 ಲಕ್ಷ ಯೆನ್‌ಗೆ ಮೀರದ ಖಾಲಿ ಮನೆಗಳಿಗೆ ಏಜೆಂಟರು ತೆರಿಗೆ ಸೇರಿ 3.3 ಲಕ್ಷ ಯೆನ್‌ವರೆಗೆ ಕಮಿಷನ್ ಪಡೆಯಬಹುದು. 10 ಲಕ್ಷ ಯೆನ್ ಮನೆಗೆ ಅದು ಅತಿಯಾಯಿತು ಎನಿಸೀತು, ಆದರೂ ಕೊಡಿ ಎಂದೇ ನನ್ನ ಸಲಹೆ. ಇಡೀ ವ್ಯವಹಾರದಲ್ಲಿ ನಿಮ್ಮ ಪರವಾಗಿ ಕಾನೂನಿಗೆ ಉತ್ತರಿಸಬೇಕಾದ ವ್ಯಕ್ತಿ ಆತನೊಬ್ಬನೇ.

ಮನೆಯನ್ನು ನೋಡುವಾಗ ಬಹುತೇಕರು ತಲೆಯೆತ್ತಿ ತೊಲೆಗಳನ್ನು ನೋಡುತ್ತಾರೆ. ಹೊಗೆ ಹಿಡಿದು ಕಪ್ಪಾದ ಆ ದಪ್ಪ ತೊಲೆಗಳು ಮಲೆನಾಡಿನವರ ಮನಸ್ಸನ್ನಂತೂ ಸುಲಭವಾಗಿ ಗೆಲ್ಲುತ್ತವೆ. ನೋಡಬೇಕಾದದ್ದು ಕಾಲಡಿಯಲ್ಲಿ. ನನ್ನೊಂದಿಗೆ ಬಂದಿದ್ದ ಆ ಊರಿನ ಹಿರಿಯ ಬಡಗಿ ಮಾತಿಗಿಂತ ಮೊದಲು ಮೂಲೆಯ ಕೋಣೆಯ ತತಾಮಿ ಚಾಪೆಯೊಂದನ್ನು ಎತ್ತಿ ನಿಲ್ಲಿಸಿದರು, ಅದರಡಿಯ ಹಲಗೆ ಸರಿಸಿ ಟಾರ್ಚ್ ಹಾಕಿದರು. ಹಳೆಯ ಕಾಲದ ಮನೆಗಳಲ್ಲಿ ಕಂಬಗಳು ಕಾಂಕ್ರೀಟಿನ ಅಡಿಪಾಯಕ್ಕೆ ಬಿಗಿದಿರುವುದಿಲ್ಲ, ಒಂದೊಂದು ಚಪ್ಪಟೆ ಕಲ್ಲಿನ ಮೇಲೆ ಸುಮ್ಮನೆ ಕೂತಿರುತ್ತವೆ. ಬಡಗಿ ಮರದ ಸುತ್ತಿಗೆಯಿಂದ ಒಂದೊಂದು ಕಂಬದ ಬುಡಕ್ಕೂ ತಟ್ಟುತ್ತ ಹೋದರು. ಚಾವಡಿಯ ಕಂಬಗಳು ಗಟ್ಟಿ ಸದ್ದು ಕೊಟ್ಟವು, ಬಚ್ಚಲಿನ ಗೋಡೆಗೆ ಅಂಟಿದ ಕಂಬ ಟೊಳ್ಳು ಸದ್ದು ಕೊಟ್ಟಿತು. ಅದರ ಬುಡದಿಂದ ಬೆರಳ ದಪ್ಪದ ಮಣ್ಣಿನ ಗೆರೆಯೊಂದು ಮೇಲೇರಿ ಅಡ್ಡತೊಲೆಯೊಳಗೆ ಮಾಯವಾಗಿತ್ತು. ಗೆದ್ದಲು ಎಂದು ಯಾರೂ ನನಗೆ ಹೇಳಬೇಕಾಗಲಿಲ್ಲ. ಗೋಲಿಯೊಂದನ್ನು ನಡುಕೋಣೆಯಲ್ಲಿಟ್ಟರೆ ಅದು ಉತ್ತರದ ಗೋಡೆಯತ್ತ ಉರುಳಿತು. ಬುಡ ಕತ್ತರಿಸಿ ಹೊಸ ಮರ ಬೆಸೆಯುವುದು, ಜಾಕ್ ಹಚ್ಚಿ ಮನೆಯನ್ನೇ ಎತ್ತಿ ಮಟ್ಟ ಮಾಡುವುದು, ಇವೆರಡೂ ಆ ಬಡಗಿಗೆ ಗೊತ್ತಿದ್ದ ಕೆಲಸಗಳೇ. ಆದರೆ ಅವರು ಹೇಳಿದ ಅಂದಾಜು ಮನೆಯ ಬೆಲೆಯ ಹಲವು ಪಟ್ಟಿತ್ತು. ಬಡಗಿ ಸಿಗದವರು ಕಟ್ಟಡ ತಪಾಸಣೆಯ ಸೇವೆ ಪಡೆಯಬಹುದು, ಅದಕ್ಕೆ ಸಾಮಾನ್ಯವಾಗಿ 50 ಸಾವಿರದಿಂದ 1 ಲಕ್ಷ ಯೆನ್ ತಗಲುತ್ತದೆ. ತಪಾಸಣೆಗೆ ಬಿಡಲು ಒಪ್ಪದ ಮಾಲೀಕನ ಮನೆಯನ್ನು ಪಟ್ಟಿಯಿಂದ ಅಳಿಸಿಬಿಡುವುದೇ ಮೇಲು.

ಭೂಕಂಪದ ವಿಷಯದಲ್ಲಿ ಭಾವುಕತೆಗೆ ಎಡೆ ಕೊಡಬಾರದು. 1981ರ ಜೂನ್ 1ಕ್ಕೆ ಮೊದಲು ಅನುಮತಿ ಪಡೆದು ಕಟ್ಟಿದ ಮನೆಗಳು ಹಳೆಯ ಭೂಕಂಪ ಮಾನದಂಡದವು. ಮರದ ಮನೆಗಳ ನಿಯಮಗಳನ್ನು 2000ದಲ್ಲಿ ಮತ್ತೆ ಬಿಗಿಗೊಳಿಸಲಾಯಿತು. ವ್ಯತ್ಯಾಸ ಎಷ್ಟೆಂಬುದು 2016ರ ಕುಮಾಮೊತೊ ಭೂಕಂಪದಲ್ಲಿ ಕಂಡುಬಂತು. ಮಾಶಿಕಿ ಪಟ್ಟಣದಲ್ಲಿ ಪರಿಶೀಲಿಸಿದ ಮರದ ಕಟ್ಟಡಗಳ ಪೈಕಿ 1981ಕ್ಕೆ ಮೊದಲಿನವುಗಳಲ್ಲಿ ಶೇ. 28ರಷ್ಟು ಕುಸಿದಿದ್ದವು, 2000ದ ನಂತರದವುಗಳಲ್ಲಿ ಕುಸಿದದ್ದು ಶೇ. 2ರ ಆಸುಪಾಸು ಮಾತ್ರ. 2024ರ ಜನವರಿ 1ರಂದು ನೋತೊ ಪರ್ಯಾಯದ್ವೀಪದಲ್ಲಿ ನೆಲಕಚ್ಚಿದವುಗಳಲ್ಲೂ ಭಾರವಾದ ಹೆಂಚಿನ ಹಳೆಯ ಮರದ ಮನೆಗಳೇ ಎದ್ದು ಕಂಡವು. ಅಕಿಯಾ ಬ್ಯಾಂಕಿನ ಬಹುಪಾಲು ಮನೆಗಳು 1981ಕ್ಕಿಂತ ಹಳೆಯವೇ ಆಗಿರುವುದರಿಂದ, ಅಂಥವುಗಳಿಗೆ ಅನೇಕ ಪುರಸಭೆಗಳು ಉಚಿತವಾಗಿಯೋ ಅತ್ಯಲ್ಪ ಶುಲ್ಕಕ್ಕೋ ನೀಡುವ ಭೂಕಂಪ ತಪಾಸಣೆಯನ್ನೂ, ಬಲಪಡಿಸುವ ಕಾಮಗಾರಿಗೆ ಇರುವ ಸಹಾಯಧನವನ್ನೂ ವಿಚಾರಿಸಿಕೊಳ್ಳಬೇಕು. ಭೂಕಂಪ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಲಾಗದು, ಅಗ್ನಿ ವಿಮೆಗೆ ಅಂಟಿಸಿಯೇ ಕೊಳ್ಳಬೇಕು, ಅದೂ ಅಗ್ನಿ ವಿಮೆಯ ಮೊತ್ತದ ಶೇ. 30ರಿಂದ 50ರವರೆಗೆ ಮಾತ್ರ. ಗುಡ್ಡದ ಬುಡದ ಮನೆಯಾದರೆ ಭೂಕುಸಿತದ ನಕ್ಷೆಯಲ್ಲಿ ಹಳದಿ ವಲಯವೋ ಕೆಂಪು ವಲಯವೋ ಎಂದು ನೋಡಬೇಕು. ಕೆಂಪಿದ್ದರೆ ನಾನು ಆ ಮನೆಯ ಚಿತ್ರಗಳನ್ನೂ ನೋಡಲು ಹೋಗುವುದಿಲ್ಲ.

ಇನ್ನೊಂದು ಹೊಸ ನಿಯಮವನ್ನು ದುರಸ್ತಿಯ ಕನಸು ಕಾಣುವವರು ಗಮನಿಸಬೇಕು. 2025ರ ಏಪ್ರಿಲ್‌ನಿಂದ ಎರಡಂತಸ್ತಿನ ಮರದ ಮನೆಗಳಲ್ಲಿ ಕಂಬ, ತೊಲೆ, ಮಾಡು ಮುಂತಾದ ಮುಖ್ಯ ಭಾಗಗಳಲ್ಲಿ ಯಾವುದಾದರೂ ಒಂದರ ಅರ್ಧಕ್ಕಿಂತ ಹೆಚ್ಚನ್ನು ಬದಲಿಸುವ ಕೆಲಸಕ್ಕೆ ಕಟ್ಟಡ ಅನುಮತಿ ಬೇಕಾಗುತ್ತದೆ. ಮೊದಲು ಇದಕ್ಕೆ ವಿನಾಯಿತಿ ಇತ್ತು. ನಕ್ಷೆಯೇ ಇಲ್ಲದ ಮುದಿಮನೆಗೆ ವಾಸ್ತುಶಿಲ್ಪಿಯಿಂದ ನಕ್ಷೆ ಬರೆಸುವ ಖರ್ಚು ಹೀಗೆ ಹೊಸದಾಗಿ ಸೇರಿಕೊಂಡಿದೆ. ಹುಲ್ಲಿನ ಮಾಡಿಗೆ ಮೇಲೆ ತಗಡು ಹೊದೆಸಿದ ಮನೆಗಳು ನಾಗಾನೊದಲ್ಲಿ ಬಹಳ. ತಗಡನ್ನು ತೆಗೆದು ಹುಲ್ಲನ್ನೇ ಮತ್ತೆ ಹೊದೆಸುತ್ತೇನೆಂದು ಹೊರಟರೆ ವೆಚ್ಚ ಒಂದು ಕೋಟಿ ಯೆನ್ ದಾಟುವ ಸಂದರ್ಭಗಳೂ ಇವೆ. ತಗಡು ಇದ್ದಲ್ಲೇ ಇರಲಿ, ಅದಕ್ಕೆ ಬಣ್ಣ ಹೊಡೆಸಿ.

ಚಳಿಗಾಲವನ್ನು ನೋಡದೆ ಮನೆ ಕೊಳ್ಳಬಾರದು ಎಂಬುದು ಆ ಊರಿನವರೇ ಹೇಳುವ ಮಾತು. ಮೇ ತಿಂಗಳ ಹಸಿರಿನಲ್ಲಿ ಎಲ್ಲ ಮನೆಯೂ ಚೆನ್ನ. ಜನವರಿಯಲ್ಲಿ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಎಷ್ಟು ಭಿನ್ನ, ಮಾಡಿನ ಹಿಮ ಯಾವ ಕಡೆ ಜಾರಿ ಬೀಳುತ್ತದೆ, ಅದು ನೆರೆಯವರ ಅಂಗಳಕ್ಕೆ ಬೀಳುತ್ತದೆಯೇ, ಇವೆಲ್ಲ ಆಗ ಮಾತ್ರ ತಿಳಿಯುತ್ತವೆ. ವಾರಾಂತ್ಯಕ್ಕೆ ಮಾತ್ರ ಬರುವವರು ಪ್ರತಿ ಸಲ ಹೊರಡುವಾಗ ಕೊಳವೆಗಳಲ್ಲಿನ ನೀರನ್ನು ಪೂರ್ತಿ ಬಸಿದು ಹೋಗಬೇಕು. ಮರೆತರೆ ಹೆಪ್ಪುಗಟ್ಟಿದ ಕೊಳವೆ ಒಡೆದು, ಬಿಸಿಲೇರಿದ ದಿನ ಮನೆ ತುಂಬ ನೀರಾಗುತ್ತದೆ. ಕೊಳಚೆಗೆ ಒಳಚರಂಡಿ ಇಲ್ಲದ ಊರುಗಳಲ್ಲಿ ಜೋಕಾಸೊ ಎಂಬ ಶುದ್ಧೀಕರಣ ತೊಟ್ಟಿ ಇರುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಯೂ ಕಾಲಕಾಲಕ್ಕೆ ಶುಚಿ ಮಾಡಿಸುವ ಖರ್ಚೂ ಇವೆ. ಅದೂ ಇಲ್ಲದ ಮನೆಗಳಲ್ಲಿ ಗುಂಡಿಯ ಶೌಚಾಲಯವೇ ಇನ್ನೂ ಉಳಿದಿದ್ದು, ಟ್ಯಾಂಕರ್ ಬಂದು ಹೀರಿಕೊಂಡು ಹೋಗುತ್ತದೆ.

ಮನೆಯೊಳಗಿನ ಸಾಮಾನು ಯಾರ ಪಾಲು ಎಂಬುದು ಚಿಕ್ಕ ಪ್ರಶ್ನೆಯಂತೆ ತೋರುತ್ತದೆ. ಕಪಾಟು ತುಂಬ ಹಾಸಿಗೆ, ಮಡಚಿಟ್ಟ ಕಿಮೊನೊ, ಪಾತ್ರೆ, ಹಳೆಯ ಟೀವಿ, ಕೆಲವೊಮ್ಮೆ ಪೂರ್ವಿಕರನ್ನು ಪೂಜಿಸುವ ಬುತ್ಸುದಾನ್ ಪೀಠ ಸಹಿತ ಹಾಗೆಯೇ ಬಿಟ್ಟು ಮಾರುತ್ತಾರೆ. ಪೀಠವನ್ನು ಕಸಕ್ಕೆ ಹಾಕುವಂತಿಲ್ಲ, ಅರ್ಚಕರನ್ನು ಕರೆಸಿ ವಿಸರ್ಜನೆಯ ವಿಧಿ ಮಾಡಿಸುವುದು ರೂಢಿ; ಅದನ್ನು ಮಾರುವವರೇ ಮುಗಿಸಿ ಕೊಡಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಉಳಿದ ಸಾಮಾನನ್ನು ವಿಂಗಡಿಸಿ ಸಾಗಿಸುವ ಖರ್ಚು ದೊಡ್ಡ ಮನೆಗೆ ಹಲವು ಲಕ್ಷ ಯೆನ್ ಆಗುತ್ತದೆ, ಏಕೆಂದರೆ ಜಪಾನಿನಲ್ಲಿ ಟೀವಿ, ಫ್ರಿಜ್ ಎಸೆಯಲೂ ಹಣ ತೆರಬೇಕು.

ತೆರಿಗೆಗಳ ಲೆಕ್ಕ ಅಷ್ಟೇನೂ ಭಯಪಡಿಸುವಂಥದ್ದಲ್ಲ. ಕೊಂಡ ಮೇಲೆ ಒಮ್ಮೆ ಆಸ್ತಿ ಗಳಿಕೆಯ ತೆರಿಗೆ ಬರುತ್ತದೆ, ವಸತಿಗೂ ನೆಲಕ್ಕೂ ಅದರ ದರ ಶೇ. 3; ನೋಂದಣಿ ತೆರಿಗೆ ಬೇರೆ. ವರ್ಷಾವಧಿ ಆಸ್ತಿ ತೆರಿಗೆಯ ಸಾಮಾನ್ಯ ದರ ಶೇ. 1.4, ಇವೆಲ್ಲವನ್ನೂ ಸರ್ಕಾರಿ ಮೌಲ್ಯಮಾಪನದ ಮೇಲೆ ಹಾಕುವುದರಿಂದ ಹಳ್ಳಿಯಲ್ಲಿ ಮೊತ್ತ ಕಡಿಮೆಯೇ. ಮನೆ ಇರುವ ನಿವೇಶನದ ಮೊದಲ 200 ಚದರ ಮೀಟರ್‌ಗೆ ತೆರಿಗೆಯ ಆಧಾರ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಮನೆಯನ್ನು ಪಾಳು ಬಿಟ್ಟು ಪುರಸಭೆಯ ಸೂಚನೆಗೂ ಕಿವಿಗೊಡದಿದ್ದರೆ ಈ ರಿಯಾಯಿತಿ ಹೋಗುತ್ತದೆ. 2023ರ ಡಿಸೆಂಬರ್‌ನಿಂದ ಪೂರ್ತಿ ಪಾಳುಬೀಳುವ ಹಂತಕ್ಕೆ ಮೊದಲೇ ಇಂಥ ಸೂಚನೆ ಕೊಡುವ ಅಧಿಕಾರ ಪುರಸಭೆಗಳಿಗೆ ಬಂದಿದೆ. ಜಪಾನಿನಿಂದ ಹೊರಗೆ ವಾಸಿಸುವ ಮಾಲೀಕರು ತಮ್ಮ ಪರವಾಗಿ ತೆರಿಗೆ ಕಟ್ಟುವ ಸ್ಥಳೀಯ ಪ್ರತಿನಿಧಿಯನ್ನು ನೇಮಿಸಬೇಕು ಎಂಬುದನ್ನೂ ನೆನಪಿಡಬೇಕು.

ಊರಿನ ನಿವಾಸಿಗಳ ಸಂಘದ ಬಗ್ಗೆ ಹಾಳೆಯಲ್ಲಿ ಒಂದು ಸಾಲಷ್ಟೇ ಇರುತ್ತದೆ, ವಾಸ್ತವದಲ್ಲಿ ಅದೊಂದು ಪ್ರತ್ಯೇಕ ಅಧ್ಯಾಯ. ತಿಂಗಳ ಚಂದಾ, ರಸ್ತೆಬದಿಯ ಹುಲ್ಲು ಕತ್ತರಿಸುವ ಸರದಿ, ನೀರಿನ ಕಾಲುವೆ ಶುಚಿ ಮಾಡುವ ದಿನ, ದೇಗುಲದ ಹಬ್ಬದ ಕೆಲಸ ಇವುಗಳಿಗೆ ಮನೆಗೊಬ್ಬರು ಹೋಗಲೇಬೇಕೆಂಬುದು ಅಲಿಖಿತ ಕಟ್ಟಳೆ. ಸದಸ್ಯರಾಗಲು ಕಾನೂನಿನ ಬಲವಂತವಿಲ್ಲ, ಆದರೆ ಕಸ ಹಾಕುವ ಕಟ್ಟೆಯನ್ನು ನೋಡಿಕೊಳ್ಳುವುದು ಹೆಚ್ಚಾಗಿ ಸಂಘವೇ. ಗ್ರಾಮಜೀವನದ ಪರಿಚಯವಿರುವ ನಮ್ಮವರಿಗೆ ಇದು ಕಷ್ಟವಲ್ಲ, ಭಾಷೆ ಬಂದರೆ ಇಷ್ಟವೂ ಆಗುತ್ತದೆ. ಸಂಘದ ಅಧ್ಯಕ್ಷರನ್ನು ಕರಾರಿಗೆ ಮುನ್ನವೇ ಭೇಟಿ ಮಾಡಿಸಿಕೊಡಿ ಎಂದು ಪುರಸಭೆಯನ್ನು ಕೇಳಬಹುದು. ನಾನು ಕೇಳಿದಾಗ ಅವರು ಸಂತೋಷದಿಂದಲೇ ಮಾಡಿಸಿಕೊಟ್ಟರು, ಈ ಸೇವೆಗೆ ಅದಕ್ಕಾಗಿ ಹೆಚ್ಚಿನ ಅಂಕ.

ಮನೆ ಕೊಂಡರೆ ವೀಸಾ ಸಿಗುತ್ತದೆ ಎಂಬುದು ಸುಳ್ಳು. ವಿದೇಶಿಯರಿಗೆ ಜಪಾನಿನಲ್ಲಿ ಭೂಮಿಯ ಪೂರ್ಣ ಒಡೆತನ ಸಿಗುತ್ತದೆ, ವಾಸದ ಹಕ್ಕು ಅದರಿಂದ ಬರುವುದಿಲ್ಲ. ಅತಿಥಿಗೃಹ ನಡೆಸಿ ಉದ್ಯಮಿ ವೀಸಾ ಪಡೆಯುತ್ತೇನೆನ್ನುವವರು ಎರಡು ಅಂಕಿಗಳನ್ನು ಗಮನಿಸಬೇಕು: 2018ರಿಂದ ಜಾರಿಯಲ್ಲಿರುವ ಮನೆವಸತಿ ಕಾನೂನು ವರ್ಷಕ್ಕೆ 180 ದಿನ ಮಾತ್ರ ಅತಿಥಿಗಳನ್ನು ಇರಿಸಿಕೊಳ್ಳಲು ಬಿಡುತ್ತದೆ, ಮತ್ತು ಉದ್ಯಮಿ ವೀಸಾಕ್ಕೆ ಬೇಕಾದ ಬಂಡವಾಳವನ್ನು 2025ರ ಅಕ್ಟೋಬರ್‌ನಲ್ಲಿ 50 ಲಕ್ಷ ಯೆನ್‌ನಿಂದ 3 ಕೋಟಿ ಯೆನ್‌ಗೆ ಏರಿಸಲಾಗಿದೆ.

ಭಾರತದಲ್ಲೇ ಇದ್ದುಕೊಂಡು ಕೊಳ್ಳುವವರಿಗೆ ನಮ್ಮ ಕಾನೂನಿನ ಲೆಕ್ಕವೂ ಇದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಕಳುಹಿಸಬಹುದು, ಜಪಾನಿನ ಹಳ್ಳಿಮನೆಗೆ ಅದು ಧಾರಾಳವಾಯಿತು. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇ. 20ರಷ್ಟು ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದಾದರೂ ಅಷ್ಟು ದಿನ ಕೈಕಟ್ಟಿಹೋಗುತ್ತದೆ. ಮನೆಯ ವಿವರವನ್ನು ಪ್ರತಿ ವರ್ಷ ರಿಟರ್ನ್‌ನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ತೋರಿಸಲೇಬೇಕು, ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಜಪಾನಿನಲ್ಲಿ ದುಡಿಯುತ್ತಿರುವಾಗ ಅಲ್ಲಿಯ ಗಳಿಕೆಯಿಂದ ಕೊಂಡವರು ಊರಿಗೆ ಮರಳಿದ ಮೇಲೂ ಮನೆಯನ್ನು ಉಳಿಸಿಕೊಳ್ಳಲು ವಿದೇಶಿ ವಿನಿಮಯ ಕಾಯ್ದೆ ಅವಕಾಶ ಕೊಡುತ್ತದೆ, ಆದರೆ ಮರಳಿ ಇಲ್ಲಿನ ಸಾಮಾನ್ಯ ನಿವಾಸಿಯಾದ ಮೇಲೆ ಈ ಘೋಷಣೆಯ ಹೊಣೆ ಅವರಿಗೂ ಬರುತ್ತದೆ.

ಕೊನೆಯದಾಗಿ, ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ: ಮುಂದೆ ಬೇಡವಾದರೆ ಏನು ಮಾಡುವುದು? ಹತ್ತು ವರ್ಷ ಯಾರೂ ಮುಟ್ಟದ ಮನೆಯನ್ನು ನೀವು ಕೊಂಡಿದ್ದರೆ, ನಿಮ್ಮಿಂದ ಕೊಳ್ಳುವವರೂ ಹಾಗೆಯೇ ತಡವಾಗಿ ಸಿಗುತ್ತಾರೆ. ಮರದ ಮನೆ ಕೆಡವಲು ಒಂದು ತ್ಸುಬೊಗೆ, ಅಂದರೆ ಸುಮಾರು 36 ಚದರ ಅಡಿಗೆ, 30 ಸಾವಿರದಿಂದ 50 ಸಾವಿರ ಯೆನ್ ಸಾಮಾನ್ಯ ದರ. 50 ತ್ಸುಬೊ ಹಳ್ಳಿಮನೆಗೆ ಅದು 15ರಿಂದ 25 ಲಕ್ಷ ಯೆನ್, ಒಂದು ಯೆನ್‌ಗೆ ಅರವತ್ತು ಪೈಸೆಯಂತೆ ಹಿಡಿದರೂ ಒಂಬತ್ತರಿಂದ ಹದಿನೈದು ಲಕ್ಷ ರೂಪಾಯಿ. ಬೇಡವಾದ ಭೂಮಿಯನ್ನು ಸರ್ಕಾರಕ್ಕೆ ಒಪ್ಪಿಸುವ ವ್ಯವಸ್ಥೆ 2023ರ ಏಪ್ರಿಲ್‌ನಲ್ಲಿ ಆರಂಭವಾಗಿದೆ, ಆದರೆ ಅದು ವಾರಸಿನಿಂದ ಬಂದ ಭೂಮಿಗೆ ಮಾತ್ರ ಅನ್ವಯಿಸುತ್ತದೆ. ಹಣ ಕೊಟ್ಟು ಕೊಂಡವರು ಅರ್ಜಿ ಹಾಕುವಂತಿಲ್ಲ. ಅವರ ನಂತರ ಮಕ್ಕಳು ಹಾಕಬಹುದು. ಅದಕ್ಕೂ ಮೊದಲು ಆ ಮಕ್ಕಳು ಬೆಂಗಳೂರಿನಲ್ಲಿದ್ದರೂ ಸರಿಯೆ ವಾರಸು ನೋಂದಣಿ ಮಾಡಿಸಬೇಕು, ಜಪಾನೀಯರಿಗೆ ಇರುವಂಥ ಕುಟುಂಬ ದಾಖಲೆ ನಮಗಿಲ್ಲದ ಕಾರಣ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ ಅದರ ಜಪಾನೀ ಅನುವಾದ ಕಳುಹಿಸಬೇಕು, ಮನೆಯನ್ನು ತಮ್ಮ ಖರ್ಚಿನಲ್ಲಿ ಕೆಡವಿಸಬೇಕು, ಗಡಿಯ ತಕರಾರಿಲ್ಲವೆಂದು ತೋರಿಸಬೇಕು. ಇಷ್ಟೆಲ್ಲ ಆದ ಮೇಲೆ ತುಂಡೊಂದಕ್ಕೆ 14 ಸಾವಿರ ಯೆನ್ ಪರಿಶೀಲನಾ ಶುಲ್ಕ. ಒಪ್ಪಿಗೆಯಾದರೆ ಕನಿಷ್ಠ 2 ಲಕ್ಷ ಯೆನ್‌ನಿಂದ ಆರಂಭವಾಗುವ ಹಸ್ತಾಂತರ ಶುಲ್ಕ. ಖರೀದಿಯ ಕರಾರಿಗೆ ಸಹಿ ಮಾಡುವ ಮೊದಲು ಈ ಮೊತ್ತಗಳನ್ನೂ ಮನೆಯ ಬೆಲೆಗೆ ಕೂಡಿಸಿ, ಮಕ್ಕಳನ್ನೂ ಕೂರಿಸಿಕೊಂಡು ಲೆಕ್ಕ ಹಾಕತಕ್ಕದ್ದು.